ಪಾಯಿಂಟ್ ನೋಡುವ ಮೆಷಿನ್ ಸಮುದ್ರದ ತಳದಲ್ಲಿ ನಡೆಯುತ್ತಾ?

ಕೋಲಾರದ ಸುತ್ತಮುತ್ತ ಬೋರ್‌ವೆಲ್ ಪಾಯಿಂಟ್ ನೋಡುವುದು ನನ್ನ ಕೆಲಸ. ನಾಲ್ಕು ಕಡ್ಡಿ ನೆಟ್ಟು, ಹೊರಗಿನ ಎರಡಕ್ಕೆ ಕರೆಂಟ್ ಕೊಟ್ಟು, ಒಳಗಿನ ಎರಡರ ಮಧ್ಯೆ ವೋಲ್ಟೇಜ್ ಅಳೆಯುತ್ತೇವೆ. ಜಾಸ್ತಿ ಆಳ ಬೇಕಾದರೆ ಕಡ್ಡಿಗಳನ್ನು ದೂರ ದೂರ ಒಯ್ಯಬೇಕು. ಪಕ್ಕದವರ ಬೇಲಿ ಅಡ್ಡ ಬಂದರೆ ನಮ್ಮ ಆಳ ಅಲ್ಲಿಗೆ ಮುಗಿಯಿತು. ಹಾಗಾದರೆ ಸಮುದ್ರದ ಕೆಳಗೆ ನೂರು ಕಿಲೋಮೀಟರ್ ಆಳದ ಸುದ್ದಿ ಹೇಳುವವರು ಏನು ಮಾಡುತ್ತಾರೆ?

ಕೊರೆದು ನೋಡುವುದಂತೂ ಆಗದ ಮಾತು. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ. ದಾಟಿತ್ತು, ಆದರೆ ಇಲ್ಲಿ ಭೂಮಿಯ ಹೊರಪದರವೇ 35 ಕಿ.ಮೀ. ಆಸುಪಾಸು ದಪ್ಪ. ಸಮುದ್ರದ ತಳದಲ್ಲಿ ಅದು 6–7 ಕಿ.ಮೀ. ಅಷ್ಟೇ, ಕೆಳಗೆ ನೇರ ಮ್ಯಾಂಟಲ್, ಅಂದರೆ ಹೊರಪದರದ ಅಡಿಯ ದಪ್ಪ ಬಂಡೆಯ ಪದರ. ಅದನ್ನು ಮುಟ್ಟುವ ಆಸೆಯಿಂದ ಅಮೆರಿಕದವರು 1961ರಲ್ಲಿ ಮೊಹೋಲ್ ಯೋಜನೆ ಅಂತ ಹಡಗಿನಿಂದ ಕೊರೆದರು. ಸುಮಾರು 3,500 ಮೀಟರ್ ನೀರಿನ ಕೆಳಗೆ ಅವರು ಇಳಿದಿದ್ದು 183 ಮೀಟರ್, ಅಂದರೆ 600 ಅಡಿ. ನಮ್ಮ ಕಡೆ 600 ಅಡಿಗೆ ನೀರಿನ ಆಸೆಯನ್ನೂ ಯಾರೂ ಇಟ್ಟುಕೊಳ್ಳುವುದಿಲ್ಲ, ಬಿಡಿ.

ಅದಕ್ಕೇ ಅಲ್ಲಿ ಕರೆಂಟ್ ಬಿಡುವ ಕೆಲಸವನ್ನು ಸೂರ್ಯನಿಗೇ ವಹಿಸಿದ್ದಾರೆ. ಸೂರ್ಯನಿಂದ ಬರುವ ಕಣಗಳಿಂದ ಭೂಮಿಯ ಕಾಂತಕ್ಷೇತ್ರ ಸದಾ ಅಲುಗಾಡುತ್ತಿರುತ್ತದೆ, ಆ ಅಲುಗಾಟ ನೆಲದೊಳಗೆ ಸಣ್ಣ ಕರೆಂಟ್ ಹುಟ್ಟಿಸುತ್ತದೆ, ಸಮುದ್ರದ ತಳದಲ್ಲಿಟ್ಟ ಉಪಕರಣ ಎರಡನ್ನೂ ತಿಂಗಳುಗಟ್ಟಲೆ ಬರೆದಿಟ್ಟುಕೊಳ್ಳುತ್ತದೆ. ಅಲುಗಾಟ ನಿಧಾನವಾದಷ್ಟೂ ಆಳಕ್ಕೆ ಇಳಿಯುತ್ತದೆ. ನಮ್ಮ ಒಣ ಕಲ್ಲಿನ ರೆಸಿಸ್ಟಿವಿಟಿ (ಕರೆಂಟ್ ತಡೆಯುವ ಗುಣ) ಸಾವಿರಾರು ಓಂ-ಮೀಟರ್ ಇದ್ದರೆ ಸಮುದ್ರದ ನೀರಿನದು ಬರೀ 0.3. ಹಾಗಾಗಿ ಚುರುಕಾದ ಅಲುಗಾಟವನ್ನೆಲ್ಲ ನೀರೇ ನುಂಗಿಬಿಡುತ್ತದೆ, ನಿಧಾನದ್ದು ಮಾತ್ರ ತಳ ಮುಟ್ಟುತ್ತದೆ. ಆಳ ನೋಡುವವರಿಗೆ ಬೇಕಾದದ್ದೂ ಅದೇ ಅಲ್ವಾ? ಮಧ್ಯ ಅಮೆರಿಕದ ನಿಕರಾಗುವಾ ಕರಾವಳಿಯಾಚೆ ಹೀಗೆ ಅಳೆದವರು 45ರಿಂದ 70 ಕಿ.ಮೀ. ಆಳದಲ್ಲಿ ಕರೆಂಟ್ ಸಲೀಸಾಗಿ ಹರಿಯುವ ಪದರವೊಂದನ್ನು ಕಂಡು, ಅಲ್ಲಿ ಬಂಡೆ ಸ್ವಲ್ಪ ಕರಗಿದೆ ಎಂದು 2013ರಲ್ಲಿ ಬರೆದರು.

ಆದರೆ ರೆಸಿಸ್ಟಿವಿಟಿ ಕಡಿಮೆ ಬಂದ ಮಾತ್ರಕ್ಕೆ ತೀರ್ಮಾನ ಮಾಡುವ ಹಾಗಿಲ್ಲ. ಇಲ್ಲಿ ಅದು ನೀರೂ ಇರಬಹುದು, ಸುಮ್ನೆ ಜೇಡಿಯೂ ಇರಬಹುದು. (ಗ್ರಾಫ್ ತೋರಿಸಿ ಎರಡಿಂಚು ನೀರು ಗ್ಯಾರಂಟಿ ಅನ್ನುವವರಿಗೆ ದಯವಿಟ್ಟು ಅಡ್ವಾನ್ಸ್ ಕೊಡಬೇಡಿ.) ಅಲ್ಲೂ ಅದೇ ಕಥೆ: ಕರಗಿದ ಬಂಡೆಯೋ, ನೀರಿನಂಶ ಹಿಡಿದುಕೊಂಡ ಖನಿಜವೋ? ಅದಕ್ಕೇ ಎರಡನೇ ಸಾಕ್ಷಿಯಾಗಿ ಭೂಕಂಪಮಾಪಕ ಬೇಕು. ಬಿಸಿಯಾದ ಅಥವಾ ಕರಗಿದ ಬಂಡೆಯಲ್ಲಿ ಭೂಕಂಪದ ಅಲೆ ನಿಧಾನವಾಗುತ್ತದೆ.

ಈ ಮಾಪಕವನ್ನು ಹಡಗಿನಿಂದ ಹಾಗೇ ಬಿಡುತ್ತಾರೆ. ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಮುಳುಗಿದರೆ 4,000 ಮೀಟರ್ ಇಳಿಯಲು ಒಂದು ಗಂಟೆಗೂ ಜಾಸ್ತಿ. ಅಲ್ಲಿನ ಒತ್ತಡ ಮೇಲಿನದರ 400 ಪಟ್ಟು. ತಿಂಗಳುಗಳಾದ ಮೇಲೆ ಹಡಗು ಬಂದು ಶಬ್ದದ ಸಂಕೇತ ಕಳಿಸುತ್ತದೆ, ಮಾಪಕ ತನ್ನ ಭಾರ ಕಳಚಿಕೊಂಡು, ಗಾಳಿ ತುಂಬಿದ ಗಾಜಿನ ಗೋಳಗಳ ಬಲದಿಂದ ಮೇಲೇಳುತ್ತದೆ. ಕೆಲವು ಏಳುವುದೇ ಇಲ್ಲ. ಎದ್ದರೂ ಗಡಿಯಾರದ ತಲೆನೋವು ಬಾಕಿ. ನೀರಿನೊಳಗೆ ಜಿಪಿಎಸ್ ಸಿಗುವುದಿಲ್ಲ, ಗಡಿಯಾರ ದಿನಕ್ಕೆ 3 ಮಿಲಿಸೆಕೆಂಡ್ ತಪ್ಪಿದರೂ ವರ್ಷಕ್ಕೆ ಒಂದು ಸೆಕೆಂಡ್ ದಾಟುತ್ತದೆ. ಅವರು ಹುಡುಕುವ ಅಲೆಯ ತಡವೂ ಹೆಚ್ಚುಕಡಿಮೆ ಅಷ್ಟೇ! ಬಿಡುವಾಗ ಒಮ್ಮೆ, ಎತ್ತಿದಾಗ ಒಮ್ಮೆ ಜಿಪಿಎಸ್‌ಗೆ ಹೋಲಿಸಿ ವ್ಯತ್ಯಾಸವನ್ನು ಅಷ್ಟೂ ದಿನಕ್ಕೆ ಹಂಚುತ್ತಾರೆ. ಎತ್ತುವ ಮೊದಲೇ ಬ್ಯಾಟರಿ ಸತ್ತಿದ್ದರೆ ಆ ಎರಡನೇ ಹೋಲಿಕೆ ಇಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ನಮ್ಮದೇ ಹಿಂದೂ ಮಹಾಸಾಗರದಲ್ಲಿ ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವ ಕಡಿಮೆಯಾಗಿ ಸಮುದ್ರದ ಮಟ್ಟವೇ ಇರಬೇಕಾದ್ದಕ್ಕಿಂತ ಸುಮಾರು 106 ಮೀಟರ್ ತಗ್ಗಿದೆ. ಗುರುತ್ವ ಮಾತ್ರ ನೋಡಿದರೆ ಕೆಳಗೆ ಬಂಡೆಯ ತೂಕದ ಕೊರತೆ ಇದೆ ಅಂತ ಗೊತ್ತಾಗುತ್ತದೆ, ಎಷ್ಟು ಆಳದಲ್ಲಿ ಅಂತ ಗೊತ್ತಾಗಲ್ಲ. ಆಫ್ರಿಕಾದ ಕೆಳಗಿನಿಂದ ಬಂದ ಬಿಸಿಯಾದ, ಹಗುರ ಬಂಡೆ ಕಾರಣ ಎಂದು ಬೆಂಗಳೂರಿನ ಐಐಎಸ್‌ಸಿಯ ಸಂಶೋಧಕರು 2023ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು. ಲೆಕ್ಕ ಚೆನ್ನಾಗಿದೆ, ಆದರೆ ನನಗೆ ಅಳತೆಯ ಸಾಕ್ಷಿ ಬೇಕು. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರು ಆ ಭಾಗದಲ್ಲಿ ಭೂಕಂಪಮಾಪಕಗಳನ್ನು ಇಳಿಸಿದ್ದು ಇಂಥದ್ದಕ್ಕೇ: ಅಲೆ ತಡವಾಗಿ ಬರುತ್ತಾ, ಬಂದರೆ ಎಷ್ಟು ಆಳದಲ್ಲಿ ತಡವಾಯಿತು ಅಂತ ನೋಡಲು.