ಪದ ಪರಿಚಯ: ‘ಸ್ಪರ್’ ಹೆದ್ದಾರಿ ಮತ್ತು ಡೆಟ್ರಾಯಿಟ್‌ನ ಐ-375

ಅಮೆರಿಕದ ‘ಇಂಟರ್‌ಸ್ಟೇಟ್’ ಎಂಬ ಮಾತನ್ನು ಬಿಡಿಸಿದರೆ ‘ರಾಜ್ಯ ರಾಜ್ಯಗಳ ನಡುವಿನದು’ ಎಂದಾಗುತ್ತದೆ. ಆದರೆ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿರುವ ಐ-375 ಎಂಬ ಇಂಟರ್‌ಸ್ಟೇಟ್ ಹೆದ್ದಾರಿಯ ಒಟ್ಟು ಉದ್ದ ಸುಮಾರು 1.7 ಕಿಲೋಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಅದನ್ನು ಒಂದೂಕಾಲು ನಿಮಿಷದಲ್ಲಿ ಮುಗಿಸಿಬಿಡುತ್ತದೆ. ರಾಜ್ಯದ ಗಡಿ ದಾಟುವುದು ಹಾಗಿರಲಿ, ಈ ರಸ್ತೆ ಊರಿನ ನಡುಭಾಗವನ್ನು ಬಿಟ್ಟು ಆಚೆಗೇ ಹೋಗುವುದಿಲ್ಲ. ಇಷ್ಟು ಗಿಡ್ಡ ರಸ್ತೆಗೆ ಅಷ್ಟು ದೊಡ್ಡ ಹೆಸರು ಹೇಗೆ ಬಂತು ಎಂಬುದು ‘ಸ್ಪರ್’ ಎಂಬ ಪದ ತಿಳಿದರೆ ಅರ್ಥವಾಗುತ್ತದೆ.

ಸ್ಪರ್ ಎಂದರೆ ಮೂಲದಲ್ಲಿ ಕುದುರೆ ಸವಾರನು ತನ್ನ ಹಿಮ್ಮಡಿಗೆ ಕಟ್ಟಿಕೊಳ್ಳುವ ಲೋಹದ ಮುಳ್ಳು. ಹುಂಜದ ಕಾಲಿನ ಹಿಂಬದಿಯಲ್ಲಿ ಹೊರಚಾಚಿರುವ ಮುಳ್ಳಿಗೂ, ಬೆಟ್ಟಸಾಲಿನಿಂದ ಪಕ್ಕಕ್ಕೆ ಇಳಿಯುವ ದಿಬ್ಬಸಾಲಿಗೂ ಇದೇ ಹೆಸರು. ದೊಡ್ಡದೊಂದರಿಂದ ಪಕ್ಕಕ್ಕೆ ಚಾಚಿ, ಚಾಚಿದಲ್ಲೇ ಮುಗಿಯುವುದು ಇವೆಲ್ಲದರ ಸಮಾನ ಗುಣ. ಮುಖ್ಯ ಹಳಿಯಿಂದ ಒಡೆದು ಕಾರ್ಖಾನೆಯ ಅಂಗಳದಲ್ಲೋ ಗಣಿಯ ಬಾಯಲ್ಲೋ ನಿಂತುಬಿಡುವ ರೈಲುಹಳಿಗೂ ಸ್ಪರ್ ಎನ್ನುತ್ತಾರೆ. ಹೆದ್ದಾರಿಯ ವಿಷಯದಲ್ಲಿಯೂ ಅದೇ ಅರ್ಥ. ಕನ್ನಡದಲ್ಲಿ ಇದಕ್ಕೆ ‘ಕವಲು’ ಎಂದು ಬರೆಯುವುದು ರೂಢಿ. ಆದರೆ ಕವಲು ಎಂದಾಗ ದಾರಿ ಎರಡಾಗಿ ಒಡೆದು ಎರಡೂ ಮುಂದಕ್ಕೆ ಸಾಗುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಕಾಂಡದಿಂದ ಚಿಗಿತು ಸ್ವಲ್ಪ ದೂರಕ್ಕೇ ನಿಲ್ಲುವ ‘ಟಿಸಿಲು’ ಇಲ್ಲಿ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಹೆದ್ದಾರಿಗಳಲ್ಲಿ ಈ ಟಿಸಿಲನ್ನು ಅದರ ಸಂಖ್ಯೆಯಿಂದಲೇ ಗುರುತಿಸಬಹುದು. ಒಂದು ಅಥವಾ ಎರಡು ಅಂಕಿಯವು ಮುಖ್ಯ ಹೆದ್ದಾರಿಗಳು. ಅವುಗಳಲ್ಲಿ ಬೆಸ ಸಂಖ್ಯೆಯವು ಉತ್ತರ ದಕ್ಷಿಣವಾಗಿಯೂ ಸಮ ಸಂಖ್ಯೆಯವು ಪೂರ್ವ ಪಶ್ಚಿಮವಾಗಿಯೂ ಸಾಗುತ್ತವೆ. ಮೂರಂಕಿಯವು ಅವುಗಳ ಉಪರಸ್ತೆಗಳು, ಕೊನೆಯ ಎರಡು ಅಂಕಿ ತಾಯಿರಸ್ತೆಯದು. ಮೊದಲ ಅಂಕಿ ಸಮವಾಗಿದ್ದರೆ ಆ ರಸ್ತೆ ಊರನ್ನು ಸುತ್ತುವರಿಯುತ್ತದೆ ಅಥವಾ ಎರಡೂ ತುದಿಗಳಲ್ಲಿ ಬೇರೆ ಇಂಟರ್‌ಸ್ಟೇಟ್‌ಗಳನ್ನು ಸೇರುತ್ತದೆ. ಬೆಸವಾಗಿದ್ದರೆ ಒಂದು ತುದಿ ಮಾತ್ರ ಸೇರಿಕೊಂಡು ಇನ್ನೊಂದು ತುದಿ ಊರೊಳಗೆ ಮುಗಿಯುತ್ತದೆ, ಅದೇ ಸ್ಪರ್. ಹೀಗಾಗಿ 375 ಎಂದರೆ 75ರ ಒಂದು ಟಿಸಿಲು. ತಾಯಿಯಾದ ಐ-75 ಕೆನಡಾ ಗಡಿಯ ಸೂ ಸೇಂಟ್ ಮರೀಯಿಂದ ಫ್ಲಾರಿಡಾದ ಮಯಾಮಿ ಪ್ರದೇಶದವರೆಗೆ ಸುಮಾರು 2,870 ಕಿಲೋಮೀಟರ್ ಸಾಗುತ್ತದೆ. ಬೇರೆ ಬೇರೆ ರಾಜ್ಯಗಳಲ್ಲಿ ಒಂದೇ ಮೂರಂಕಿಯ ಸಂಖ್ಯೆ ಮತ್ತೆ ಬರಬಹುದಾದ್ದರಿಂದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿಯೂ ಒಂದು ಐ-375 ಇದೆ. ಅದೂ ಗಿಡ್ಡದೇ, ಅದೂ ಪೇಟೆಯ ನಡುವೆಯೇ ನಿಲ್ಲುತ್ತದೆ.

ಕನ್ನಡಿಗರಿಗೆ ಈ ಲೆಕ್ಕ ಅಪರಿಚಿತವೇನಲ್ಲ. 2010ರಲ್ಲಿ ನಮ್ಮ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗಲೂ ಮೂರಂಕಿಯ ಕೊನೆಯ ಎರಡು ಅಂಕಿ ಮುಖ್ಯ ರಸ್ತೆಯದು ಎಂಬ ಕ್ರಮವನ್ನೇ ಹಿಡಿಯಲಾಯಿತು. ಬೆಂಗಳೂರಿನಿಂದ ಮಂಡ್ಯ, ಮೈಸೂರು, ಮಡಿಕೇರಿಯ ಮೇಲೆ ಬಂಟ್ವಾಳಕ್ಕೆ ಹೋಗುವ 275, ಹಾಸನ ಮತ್ತು ಶಿರಾಡಿ ಘಾಟಿಯ ಮೇಲೆ ಹೋಗುವ 75ರ ಶಾಖೆಯಾದದ್ದು ಹೀಗೆ. ಆದರೆ ನಮ್ಮಲ್ಲಿ ಬೆಸ ಸಂಖ್ಯೆಯ ಮುಖ್ಯ ರಸ್ತೆಗಳು ಪೂರ್ವ ಪಶ್ಚಿಮದವು, ಸಮ ಸಂಖ್ಯೆಯವು ಉತ್ತರ ದಕ್ಷಿಣದವು. ಮೊದಲ ಅಂಕಿಗೆ ಸ್ಪರ್ ಅಥವಾ ಸುತ್ತುರಸ್ತೆ ಎಂಬ ಅರ್ಥವೂ ಇಲ್ಲ. ಡೆಟ್ರಾಯಿಟ್‌ನ ಪಶ್ಚಿಮದ ಉಪನಗರಗಳ ಮೂಲಕ ಐ-275 ಎಂಬ ರಸ್ತೆಯೇ ಹಾದುಹೋಗುತ್ತದೆ. ಮೈಸೂರಿನಿಂದ ಹೋಗಿ ಆ ಉಪನಗರಗಳಲ್ಲಿ ನೆಲೆಸಿದವರು ಒಂದು 75ರ ಮಗಳನ್ನು ಬಿಟ್ಟು ಇನ್ನೊಂದು 75ರ ಮಗಳ ಬಳಿ ಇದ್ದಾರೆ ಎನ್ನಬಹುದು.

ಉತ್ತರದಿಂದ ಬರುವ ಐ-75, ಡೆಟ್ರಾಯಿಟ್‌ನ ಪೇಟೆಯ ಅಂಚಿಗೆ ಬಂದಾಗ ಪಶ್ಚಿಮಕ್ಕೆ ತಿರುಗಿ ಫಿಷರ್ ಫ್ರೀವೇ ಎಂಬ ಹೆಸರು ಪಡೆಯುತ್ತದೆ. ತಿರುಗದೆ ನೇರ ದಕ್ಷಿಣಕ್ಕೆ ಉಳಿದುಕೊಂಡ ತುಂಡೇ ಐ-375. ಅದಕ್ಕೂ ಅದರ ಉತ್ತರದ ಐ-75ಕ್ಕೂ ಮೋಟಾರು ಉದ್ಯಮಿ ವಾಲ್ಟರ್ ಪಿ. ಕ್ರೈಸ್ಲರ್ ಅವರ ಹೆಸರಿನ ಕ್ರೈಸ್ಲರ್ ಫ್ರೀವೇ ಎಂಬ ಒಂದೇ ಹೆಸರಿದೆ. ರಸ್ತೆಯನ್ನು ನೆಲದ ಮಟ್ಟಕ್ಕಿಂತ ಕೆಳಗೆ ಕಂದಕದಂತೆ ಅಗೆದು ಕಟ್ಟಲಾಗಿದೆ. ಮೇಲ್ಗಡೆ ಎರಡೂ ಬದಿಗೆ ಸೇವಾರಸ್ತೆಗಳಿವೆ; ಲಫಯೆಟ್, ಲಾರ್ನೆಡ್ ಮೊದಲಾದ ಕೆಲವು ಬೀದಿಗಳು ಮಾತ್ರ ಸೇತುವೆಯಾಗಿ ಅದರ ನೆತ್ತಿಯ ಮೇಲೆ ಹಾಯುತ್ತವೆ, ಉಳಿದವು ಕಂದಕದ ಅಂಚಿಗೆ ಬಂದು ಕಡಿದುಹೋಗುತ್ತವೆ. ಪಶ್ಚಿಮಕ್ಕೆ ಗ್ರೀಕ್‌ಟೌನ್‌ನ ಹೋಟೆಲುಗಳು, ಪೂರ್ವಕ್ಕೆ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ರೂಪಿಸಿದ ಲಫಯೆಟ್ ಪಾರ್ಕ್‌ನ ಗಾಜಿನ ವಸತಿಗಳು. ಕೊನೆಗೆ ರಸ್ತೆ ಮೇಲೆದ್ದು, ನದಿ ದಂಡೆಯ ಜೆಫರ್ಸನ್ ಅವೆನ್ಯೂಗೆ ಬಾಗಿ, ರೆನೈಸಾನ್ಸ್ ಸೆಂಟರ್ ಗೋಪುರಗಳ ಹತ್ತಿರ ಸಾಧಾರಣ ನಗರ ರಸ್ತೆಯಲ್ಲಿ ಕರಗುತ್ತದೆ.

ಇನ್ನು ‘ಇಂಟರ್‌ಸ್ಟೇಟ್’ ಎಂಬ ಹೆಸರಿನ ವಿಚಾರ. 1956ರ ಜೂನ್ 29ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಹೆದ್ದಾರಿ ಕಾಯ್ದೆ 41,000 ಮೈಲಿಗಳ ಜಾಲವನ್ನು ಕಟ್ಟಲು ಹೊರಟಿತು. ಆ ಜಾಲಕ್ಕೆ ಸೇರಿದ ರಸ್ತೆಯ ವೆಚ್ಚದಲ್ಲಿ ನೂರಕ್ಕೆ 90 ಪಾಲನ್ನು ಕೇಂದ್ರ ಸರ್ಕಾರ ಕೊಡುತ್ತಿತ್ತು. ಊರೊಳಗಿನ ತುಂಡು ರಸ್ತೆಯನ್ನೂ ಆ ಜಾಲದ ಟಿಸಿಲೆಂದು ತೋರಿಸಿದರೆ ರಾಜ್ಯವೂ ನಗರವೂ ಹತ್ತು ಪಾಲು ಹಾಕಿದರೆ ಸಾಕಾಗುತ್ತಿತ್ತು. ಆದ್ದರಿಂದ ಈ ಹೆಸರು ರಸ್ತೆ ಎಲ್ಲಿಗೆ ಹೋಗುತ್ತದೆ ಎಂಬುದನ್ನಲ್ಲ, ಅದು ಯಾವ ಜಾಲಕ್ಕೆ ಸೇರಿದ್ದು ಮತ್ತು ಯಾರ ಹಣದಿಂದ ಆದದ್ದು ಎಂಬುದನ್ನು ಹೇಳುತ್ತದೆ. ಕ್ರೈಸ್ಲರ್ ಫ್ರೀವೇಯ ಕೆಲಸ 1959ರಲ್ಲಿ ಆರಂಭವಾಗಿ, ಈ ಟಿಸಿಲು 1964ರ ಜೂನ್‌ನಲ್ಲಿ ಸಂಚಾರಕ್ಕೆ ತೆರೆಯಿತು.

ಸಂಖ್ಯೆ ಹೇಳದೆ ಉಳಿಸುವ ಸಂಗತಿಯೆಂದರೆ ಆ ಕಂದಕ ಇರುವ ಜಾಗದಲ್ಲಿ ಅದಕ್ಕೆ ಮೊದಲು ಏನಿತ್ತು ಎಂಬುದು. ಅಲ್ಲಿದ್ದದ್ದು ಹೇಸ್ಟಿಂಗ್ಸ್ ಬೀದಿ. ಅದರ ಸುತ್ತಲಿನ ಬಡಾವಣೆಗೆ ಬ್ಲ್ಯಾಕ್ ಬಾಟಮ್ ಎಂಬ ಹೆಸರಿತ್ತು. ಆ ಹೆಸರು ಬಂದದ್ದು ಜನರ ಮೈಬಣ್ಣದಿಂದಲ್ಲ, ಫ್ರೆಂಚ್ ವಲಸಿಗರು ಅಲ್ಲಿ ಕಂಡ ಫಲವತ್ತಾದ ಕಪ್ಪು ಮಣ್ಣಿನಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೂರ್ವ ಯುರೋಪಿನಿಂದ ಬಂದ ಯಹೂದಿಗಳು ಅಲ್ಲಿದ್ದರು. ಬಳಿಕ ದಕ್ಷಿಣದ ರಾಜ್ಯಗಳಿಂದ ಕಾರ್ಖಾನೆಯ ಕೆಲಸ ಅರಸಿ ಬಂದ ಕಪ್ಪು ಜನರು ಅಲ್ಲಿಯೇ ತುಂಬಿಕೊಂಡರು, ಏಕೆಂದರೆ ಕಪ್ಪು ಜನರಿಗೆ ಮಾರಕೂಡದೆಂಬ ಕರಾರುಗಳು ಮನೆಪತ್ರಗಳಲ್ಲೇ ಇದ್ದ ಆ ನಗರದಲ್ಲಿ ಅವರಿಗೆ ಬೇರೆಡೆ ಮನೆ ಸಿಗುವುದು ದುರ್ಲಭವಾಗಿತ್ತು. ಮನೆಗಳು ಹಳೆಯವು, ಕಿಕ್ಕಿರಿದವು, ಬಾಡಿಗೆ ದುಬಾರಿ. ಆದರೂ ಹೇಸ್ಟಿಂಗ್ಸ್ ಬೀದಿಯಲ್ಲಿ ಮತ್ತು ಉತ್ತರದ ಪ್ಯಾರಡೈಸ್ ವ್ಯಾಲಿಯಲ್ಲಿ ಕಪ್ಪು ಜನರದೇ ಆದ ಔಷಧಿ ಅಂಗಡಿಗಳು, ವೈದ್ಯರ ಕೋಣೆಗಳು, ಹೋಟೆಲುಗಳು, ಸಂಗೀತದ ಮಂದಿರಗಳು ಬೆಳೆದಿದ್ದವು.

ಅಂಥದೊಂದು ಅಂಗಡಿಯನ್ನು ಹತ್ತಿರದಿಂದ ನೋಡಬೇಕು. ಜೋ ವಾನ್ ಬ್ಯಾಟಲ್ ಎಂಬುವರು ಹೇಸ್ಟಿಂಗ್ಸ್ ಬೀದಿಯ 3530ನೆಯ ಕಟ್ಟಡದಲ್ಲಿ ಗ್ರಾಮಫೋನ್ ರೆಕಾರ್ಡುಗಳನ್ನು ಮಾರುತ್ತಿದ್ದರು, ಹಿಂದಿನ ಕೋಣೆಯಲ್ಲಿ ತಾವೇ ಧ್ವನಿಮುದ್ರಣವನ್ನೂ ಮಾಡುತ್ತಿದ್ದರು. ಅದೇ ಬೀದಿಯ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಸಿ. ಎಲ್. ಫ್ರ್ಯಾಂಕ್ಲಿನ್ ಅವರ ಪ್ರವಚನಗಳನ್ನು ವಾನ್ ಬ್ಯಾಟಲ್ ಧ್ವನಿಮುದ್ರಿಸಿ, ಅಂಗಡಿಯ ಹೊರಗಿನ ಧ್ವನಿವರ್ಧಕದಲ್ಲಿ ಹಾಕಿದಾಗ ದಾರಿಹೋಕರು ನಿಂತು ಕೇಳುತ್ತಿದ್ದರು. ಪಾದ್ರಿಯ ಮಗಳು, ಮುಂದೆ ಹೆಸರಾಂತ ಗಾಯಕಿಯಾದ ಅರೀಥಾ ಫ್ರ್ಯಾಂಕ್ಲಿನ್ ಇನ್ನೂ ಹದಿನಾಲ್ಕರ ಹುಡುಗಿಯಾಗಿದ್ದ 1956ರಲ್ಲಿ, ಆಕೆಯ ಮೊದಲ ಹಾಡುಗಳು ದಾಖಲಾದದ್ದೂ ಇವರಿಂದಲೇ. ಈ ಅಂಗಡಿ ಇದ್ದ ಭಾಗ ಇಂದಿನ ಐ-375ಕ್ಕಿಂತ ಕೊಂಚ ಉತ್ತರಕ್ಕೆ, ಅದೇ ಫ್ರೀವೇಯ ಐ-75 ಎನಿಸಿಕೊಳ್ಳುವ ಕಡೆ ಬರುತ್ತದೆ. ಬೀದಿ ಒಂದೇ, ಅದನ್ನು ನುಂಗಿದ ಅಗೆತವೂ ಒಂದೇ. 1960ರಲ್ಲಿ ವಾನ್ ಬ್ಯಾಟಲ್ 12ನೆಯ ಬೀದಿಗೆ ಅಂಗಡಿ ಎತ್ತಿದರು, ಚರ್ಚು 1963ರಲ್ಲಿ ಲಿನ್‌ವುಡ್ ಅವೆನ್ಯೂಗೆ ಹೋಯಿತು. 1967ರ ಜುಲೈನಲ್ಲಿ 12ನೆಯ ಬೀದಿಯಲ್ಲಿ ಎದ್ದ ದಂಗೆಯಲ್ಲಿ ಆ ಹೊಸ ಅಂಗಡಿಯೂ ಅದರೊಳಗಿದ್ದ ಧ್ವನಿಮುದ್ರಿಕೆಗಳೂ ಹಾಳಾದವು.

ಬ್ಲ್ಯಾಕ್ ಬಾಟಮ್ ಅಳಿದದ್ದು ಹೆದ್ದಾರಿಯೊಂದರಿಂದಲೇ ಎಂದು ಹೇಳುವುದು ಪೂರ್ತಿ ಸರಿಯಲ್ಲ. ‘ಕೊಳೆಗೇರಿ ನಿರ್ಮೂಲನೆ’ಯ ಹೆಸರಿನಲ್ಲಿ ಅಲ್ಲಿನ ಮನೆಗಳನ್ನು ಕೆಡವುವ ಯೋಜನೆ 1940ರ ದಶಕದಲ್ಲೇ ಸಿದ್ಧವಾಗಿತ್ತು. 1950ರ ದಶಕದ ಆರಂಭದಲ್ಲಿ ಕೆಡವಿದ ಜಾಗ ವರ್ಷಗಟ್ಟಲೆ ಪಾಳುಬಿದ್ದು ಕಳೆ ಬೆಳೆದಿತ್ತು. ಲಫಯೆಟ್ ಪಾರ್ಕ್ ಎದ್ದದ್ದು ಅನಂತರ. ಆ ಹೊತ್ತಿಗೆ ಉಳಿದಿದ್ದ ವ್ಯಾಪಾರದ ಬೀದಿಯನ್ನು ಹೆದ್ದಾರಿ ತೆಗೆದುಕೊಂಡಿತು. ಕಟ್ಟಡದ ಒಡೆಯನಿಗೆ ಬೆಲೆ ಸಿಕ್ಕರೂ ಬಾಡಿಗೆಗೆ ಅಂಗಡಿ ಇಟ್ಟಿದ್ದವನಿಗೆ, ಅವನು ಇಪ್ಪತ್ತು ವರ್ಷ ಕಟ್ಟಿದ ಗಿರಾಕಿ ಬಳಗಕ್ಕೆ, ಬೆಲೆ ಕಟ್ಟುವವರಿರಲಿಲ್ಲ. ಕೇಂದ್ರದ ಹಣದ ಯೋಜನೆಗಳಿಂದ ಒಕ್ಕಲೆದ್ದವರೆಲ್ಲರಿಗೂ ಒಂದೇ ರೀತಿಯ ಪುನರ್ವಸತಿ ನೆರವನ್ನು ಕಡ್ಡಾಯ ಮಾಡಿದ ಕಾಯ್ದೆ ಬಂದದ್ದು 1970ರಲ್ಲಿ, ಇಲ್ಲಿನವರು ಚದುರಿಹೋದ ಮೇಲೆ. ಈ ಅನ್ಯಾಯವನ್ನು ಬಿಟ್ಟು ಐ-375ರ ಅರ್ಥವನ್ನು ಪೂರ್ತಿಯಾಗಿ ವಿವರಿಸಲಾಗದು.

ಉದ್ದದ ದಾಖಲೆಯಲ್ಲಿ ಈ ರಸ್ತೆ ಒಂದು ಕಾಲಕ್ಕೆ, ರಸ್ತೆಬದಿಯಲ್ಲಿ ತಮ್ಮ ಸಂಖ್ಯೆಯ ಫಲಕ ಹೊತ್ತ ಇಂಟರ್‌ಸ್ಟೇಟ್‌ಗಳಲ್ಲೇ ಅತಿ ಗಿಡ್ಡದ್ದೆನಿಸಿತ್ತು. ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಮೆಕ್ಸಿಕೋ ಗಡಿಗೆ ಹೋಗುವ ಐ-110 ಆ ಸ್ಥಾನವನ್ನು ಕಿತ್ತುಕೊಂಡಿತು.

ಸೇತುವೆಗಳಿಗೆ ವಯಸ್ಸಾದಾಗ, ಅವನ್ನು ಮತ್ತೆ ಕಟ್ಟುವ ಬದಲು ಕಂದಕವನ್ನೇ ತುಂಬಿ ನೆಲದ ಮಟ್ಟದಲ್ಲಿ ಅಗಲವಾದ ಬುಲೆವಾರ್ಡ್ ಮಾಡುವ ಯೋಜನೆ ರೂಪುಗೊಂಡಿತು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೆ 10.46 ಕೋಟಿ ಡಾಲರ್ ಅನುದಾನ ಘೋಷಿಸಿತು. ಸುಮಾರು 30 ಎಕರೆ ನೆಲ ಬಿಡುವಾಗುವುದೆಂಬ ಲೆಕ್ಕ ಬಂದೊಡನೆ ಅದು ಯಾರಿಗೆ ಸೇರಬೇಕು, ಒಕ್ಕಲೆದ್ದವರ ಮಕ್ಕಳು ಮೊಮ್ಮಕ್ಕಳಿಗೆ ಅದರಲ್ಲಿ ಏನು ಪಾಲು ಎಂಬ ಪ್ರಶ್ನೆ ಎದ್ದಿತು. ಹೊಸ ರಸ್ತೆಯ ಅಗಲವೇ ಅತಿಯಾಯಿತು, ಅದನ್ನು ನಡೆದು ದಾಟುವುದು ಕಷ್ಟ ಎಂಬ ಆಕ್ಷೇಪವೂ ಬಂತು. ವೆಚ್ಚದ ಅಂದಾಜು ಏರುತ್ತ ಹೋದದ್ದರಿಂದ 2025ರಲ್ಲಿ ರಾಜ್ಯದ ಸಾರಿಗೆ ಇಲಾಖೆ ಕೆಲಸವನ್ನು ತಡೆಹಿಡಿಯಿತು. ಯೋಜನೆ ಕೈಗೂಡಿದರೆ ರಸ್ತೆ ಇಂಟರ್‌ಸ್ಟೇಟ್ ಆಗಿ ಉಳಿಯದು, 375 ಎಂಬ ಸಂಖ್ಯೆ ಮಿಷಿಗನ್‌ನ ಹೆದ್ದಾರಿ ಪಟ್ಟಿಯಿಂದ ಹೊರಬೀಳುತ್ತದೆ. ಹೇಸ್ಟಿಂಗ್ಸ್ ಎಂಬ ಹೆಸರಿನ ಫಲಕ ಮಾತ್ರ ಇಂದಿಗೂ ಬಹಳ ಉತ್ತರಕ್ಕೆ, ಫ್ರೀವೇ ತಲುಪದೆ ಬಿಟ್ಟ ಕೆಲವು ತುಂಡು ಬೀದಿಗಳ ಮೂಲೆಯಲ್ಲಿ ನಿಂತಿದೆ.