ಹಡಗಿನ ಹಿಂದಿನ ಗಾಳಿಯಲ್ಲಿ ಹೆಲಿಕಾಪ್ಟರ್ ರೋಟರಿನ ಲಿಫ್ಟ್ ಯಾಕೆ ಬೀಳ್ತದೆ

ಸುರತ್ಕಲ್, ಮಣಿಪಾಲ ಕಡೆ ಏರೋಡೈನಾಮಿಕ್ಸ್ ಓದುವವರಿಗೆ ಬರೀತಿದ್ದೇನೆ, ಫ್ಲೋ ಸೆಪರೇಶನ್ (ಗಾಳಿ ಮೈ ಬಿಟ್ಟು ಹೋಗುದು) ಗೊತ್ತುಂಟಲ್ಲ, ಅದನ್ನು ಬಿಡ್ತೇನೆ. ಹೆಲಿಕಾಪ್ಟರ್ ಇಳಿಯುವ ದೊಡ್ಡ ಗಸ್ತು ಹಡಗುಗಳಲ್ಲಿ ಹಿಂದುಗಡೆ ಡೆಕ್, ಅದರ ಮುಂದೆ ಗೋಡೆ ಹಾಗೆ ಹ್ಯಾಂಗರ್. ಎದುರಿನ ಗಾಳಿ ಹ್ಯಾಂಗರಿನ ಚೂಪು ಅಂಚಲ್ಲಿ ಬಿಟ್ಟುಕೊಂಡು, ಹಿಂದೆ ಸುಳಿ ಕಟ್ಟಿ, ಕೆಳಗೆ ಬಗ್ಗಿ ಪುನಃ ಡೆಕ್ಕಿಗೆ ಅಂಟ್ತದೆ. ಅಂಚು ಚೂಪು ಇರುದರಿಂದ ಎಲ್ಲಿ ಬಿಡುದು ಅನ್ನುದಕ್ಕೆ ರೆನಾಲ್ಡ್ಸ್ ನಂಬರ್ (ಗಾತ್ರ, ವೇಗ, ಗಾಳಿಯ ಸ್ನಿಗ್ಧತೆ ಸೇರಿದ ಅನುಪಾತ) ಅಷ್ಟು ಮುಖ್ಯ ಅಲ್ಲ, ಹಾಗಾಗಿ ಸಣ್ಣ ಮಾಡೆಲಿನ ಟೆಸ್ಟೂ ಕೆಲಸಕ್ಕೆ ಬರ್ತದೆ.

ಈಗ ತಲೆ ತಿನ್ನುವ ಜಾಗ. ಹೆಲಿಕಾಪ್ಟರ್ ಆ ಕೆಳಗೆ ಬಗ್ಗಿದ ಗಾಳಿಗೆ ಬಂತು, ಪೈಲಟ್ ಕಲೆಕ್ಟಿವ್ (ಎಲ್ಲಾ ಬ್ಲೇಡುಗಳ ಪಿಚ್ ಒಟ್ಟಿಗೆ ಬದಲಿಸುವ ಲಿವರ್) ಮುಟ್ಟಲೇ ಇಲ್ಲ, ಬ್ಲೇಡಿನ ಪಿಚ್, ಅಂದ್ರೆ ಅದನ್ನು ಓರೆ ಇಟ್ಟ ಕೋನ, 10 ಡಿಗ್ರಿಯೇ ಉಂಟು, ಮತ್ತೆ ಲಿಫ್ಟ್ (ಮೇಲೆತ್ತುವ ಬಲ) ಎಂತಕ್ಕೆ ಕಡಿಮೆ? ಪಿಚ್ ಬೇರೆ, ಆಂಗಲ್ ಆಫ್ ಅಟ್ಯಾಕ್ ಬೇರೆ ಮಾರಾಯ್ರೆ! ಪಿಚ್ಚಿಂದ ಇನ್‌ಫ್ಲೋ ಕೋನ (ಕೆಳಗೆ ಹೋಗುವ ಗಾಳಿಯಿಂದ ಆಗುವ ಓರೆ) ಕಳೆದ್ರೆ ಉಳಿಯುದೇ ಆಂಗಲ್ ಆಫ್ ಅಟ್ಯಾಕ್, ಅಂದ್ರೆ ಗಾಳಿ ಬ್ಲೇಡಿಗೆ ನಿಜವಾಗಿ ತಾಗುವ ಕೋನ. ಲೆಕ್ಕ ಹಾಕುವ: ಬ್ಲೇಡಿನ ಮುಕ್ಕಾಲು ಉದ್ದದಲ್ಲಿ ವೇಗ ಸೆಕೆಂಡಿಗೆ 165 ಮೀಟರ್ ಅಂತ ಇಟ್ಟುಕೊಳ್ಳಿ, ರೋಟರ್ ತಾನೇ ಕೆಳಗೆ ತಳ್ಳುವ ಗಾಳಿ 12 ಮೀಟರ್. 12ನ್ನು 165ರಿಂದ ಭಾಗಿಸಿದ್ರೆ 0.073 ರೇಡಿಯನ್, ಅಂದ್ರೆ 4.2 ಡಿಗ್ರಿ, ಉಳಿದದ್ದು 5.8. ಇದರ ಮೇಲೆ ಹ್ಯಾಂಗರ್ ಹಿಂದಿನ ಗಾಳಿ 3 ಮೀಟರ್ ವೇಗದಲ್ಲಿ ಕೆಳಗೆ ಬಂತು ಅಂದ್ರೆ 15 ಭಾಗಿಸು 165, 5.2 ಡಿಗ್ರಿ, ಉಳಿದದ್ದು ಬರೀ 4.8. ಒಂದೇ ಡಿಗ್ರಿ ಹೋದದ್ದು, ಆದ್ರೆ 5.8ರಲ್ಲಿ ಒಂದು, ಲಿಫ್ಟ್ ಈ ಉಳಿದ ಕೋನಕ್ಕೆ ತಕ್ಕ ಹಾಗೆ ಇರುದು, ಹಾಗಾಗಿ ಅದು ಆ ಕ್ಷಣಕ್ಕೆ ಸುಮಾರು ಆರನೇ ಒಂದು ಭಾಗ ಇಳೀತದೆ! ಪಿಚ್ಚಿನ 10ಕ್ಕೆ ಹೋಲಿಸಬೇಡಿ, ಉಳಿದ ಕೋನಕ್ಕೆ ಹೋಲಿಸಿ, ಇಡೀ ಪಾಠದಲ್ಲಿ ನನಗೆ ಇದೇ ಮುಖ್ಯ ಅನ್ನಿಸ್ತದೆ. ಆಮೇಲೆ ಲಿಫ್ಟ್ ಇಳಿದ ಹಾಗೆ ರೋಟರ್ ತಳ್ಳುವ ಗಾಳಿಯೂ ಇಳಿದು ಸ್ವಲ್ಪ ವಾಪಸ್ ಬರ್ತದೆ, ಪೂರ್ತಿ ಅಲ್ಲ, ಉಳಿದದ್ದಕ್ಕೆ ಪೈಲಟ್ ಕಲೆಕ್ಟಿವ್ ಎತ್ತಲೇಬೇಕು. ಹ್ಯಾಂಗರಿನ ಮರೆಯಲ್ಲಿ ಎದುರಿನ ಗಾಳಿಯೂ ಕಡಿಮೆ ಆಗಿ ಪವರ್ ಇನ್ನೂ ಹೆಚ್ಚು ಬೇಕಾಗ್ತದೆ.

ಇನ್ನೊಂದು, ಈ ಗಾಳಿ ರೋಟರಿನ ಮುಂದಿನ ಅರ್ಧಕ್ಕೆ ಮಾತ್ರ ತಾಗಿದ್ರೆ ಡಿಸ್ಕ್ (ಬ್ಲೇಡುಗಳು ತಿರುಗುವ ವೃತ್ತ) ಮುಂದಕ್ಕೆ ಬಾಗುದಿಲ್ಲ, ಬ್ಲೇಡ್ ಸುಮಾರು 90 ಡಿಗ್ರಿ ತಿರುಗಿದ ಮೇಲೆ ಕೆಳಗಿಳಿಯುದು, ಮೇಲಿಂದ ನೋಡುವಾಗ ಗಡಿಯಾರಕ್ಕೆ ಉಲ್ಟಾ ತಿರುಗುವ ರೋಟರಾದ್ರೆ ಎಡಕ್ಕೆ.

ಗಾಳಿಯ ಏರಿಳಿತದಲ್ಲಿ ಪೈಲಟಿಗೆ ಜಾಸ್ತಿ ಕಷ್ಟ ಕೊಡುದು ಸುಮಾರು 0.2ರಿಂದ 2 ಹರ್ಟ್ಸ್ ಒಳಗಿನದ್ದು, ಯಾಕಂದ್ರೆ ಅದನ್ನು ಕೈಯಲ್ಲೇ ಸರಿ ಮಾಡ್ತಾ ಇರಬೇಕು.

ಡೆಕ್ಕಲ್ಲಿ ಇಳಿದು ರೋಟರ್ ನಿಲ್ಲಿಸುವಾಗಲೂ ಅಪಾಯ ಉಂಟು. ಬ್ಲೇಡನ್ನು ನೇರ ಹಿಡಿಯುವ ಸೆಂಟ್ರಿಫ್ಯೂಗಲ್ ಬಲ ವೇಗದ ವರ್ಗದ ಹಾಗೆ ಇಳಿಯುದು, 20 ಪರ್ಸೆಂಟ್ ಆರ್‌ಪಿಎಂನಲ್ಲಿ 4 ಪರ್ಸೆಂಟ್ ಮಾತ್ರ, ಆಗ ಜೋರು ಗಾಳಿ ಬಂದ್ರೆ ಬ್ಲೇಡ್ ಬಾಗಿ ಹೆಲಿಕಾಪ್ಟರಿನ ಮೈಗೇ ಬಡಿಯಬಹುದು.