ಡರ್ಬಿ ಓಟ: ವಯಸ್ಸು, ವಂಶ, ಇಳಿಜಾರು

ಡರ್ಬಿ ಅಂದರೆ ಕೊಡಗಿನವರಿಗೆ ಮೊದಲು ನೆನಪಾಗುವುದು ಮೈಸೂರಿನದೋ ಬೆಂಗಳೂರಿನದೋ ರೇಸ್ ಕೋರ್ಸ್. ಮೂರು ವರ್ಷದ ಕುದುರೆಗಳಷ್ಟೇ ಓಡುವ ಮೂಲ ಡರ್ಬಿ ಇಂಗ್ಲೆಂಡಿನ ಎಪ್ಸಮ್‌ನದು, 1780ರ ಮೇ 4ರಂದು ಮೊದಲು ಓಡಿದ್ದು. ಇಸವಿಗಳನ್ನು ಬಾಯಿಪಾಠ ಮಾಡುವ ಮುಂಚೆ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಮೂರು ವರ್ಷದ ಕುದುರೆಗಳೇ ಯಾಕೆ?

ಅದಕ್ಕೂ ಮೊದಲು ಇಂಗ್ಲೆಂಡಿನ ದೊಡ್ಡ ಓಟಗಳಲ್ಲಿ ಬಲಿತ ಕುದುರೆಗಳು 12 ಸ್ಟೋನ್, ಅಂದರೆ ಸುಮಾರು 76 ಕೆ.ಜಿ. ಹೊತ್ತು, ನಾಲ್ಕು ಮೈಲಿಯನ್ನು ಒಂದೇ ದಿನ ಎರಡು ಮೂರು ಸಲ ಓಡಬೇಕಿತ್ತು. ಕುದುರೆಗೆ ಐದಾರು ವರ್ಷ ಹುರುಳಿ, ಹುಲ್ಲು ಹಾಕಿದ ಮೇಲಷ್ಟೇ ಮಾಲೀಕನಿಗೆ ಫಲ. ಎಳೆಯ ಕುದುರೆಗೆ ಹಗುರ ಭಾರ, ಕಡಿಮೆ ದೂರ ಇಟ್ಟರೆ ದುಡ್ಡು ಬೇಗ ತಿರುಗುತ್ತದೆ. ಇದೇ ಲೆಕ್ಕದಲ್ಲಿ 1776ರಲ್ಲಿ ಡಾಂಕಾಸ್ಟರಿನ ಸೇಂಟ್ ಲೆಜರ್, 1779ರಲ್ಲಿ ಹೆಣ್ಣು ಕುದುರೆಗಳ ಓಕ್ಸ್, ಮರುವರ್ಷ ಡರ್ಬಿ ಬಂದವು. ಡರ್ಬಿಯೇ ಎಲ್ಲಕ್ಕಿಂತ ಹಳೆಯದು ಎಂದು ಬರೆಯುವುದು ಸಾಮಾನ್ಯ ತಪ್ಪು. ಇನ್ನೊಂದು ತಪ್ಪು ದೂರದ್ದು: ಮೊದಲ ಡರ್ಬಿ ಒಂದೇ ಮೈಲಿ, ಒಂದೂವರೆ ಮೈಲಿ ಆದದ್ದು 1784ರಲ್ಲಿ.

ಓಟಕ್ಕೆ ಯಾರ ಹೆಸರಿಡುವುದು ಎಂದು 12ನೇ ಅರ್ಲ್ ಆಫ್ ಡರ್ಬಿ ಎಂಬ ಪ್ರಭು ಮತ್ತು ಸರ್ ಚಾರ್ಲ್ಸ್ ಬನ್‌ಬರಿ ನಾಣ್ಯ ಚಿಮ್ಮಿದರು ಎಂಬ ಕಥೆ ಇದೆ. ಕಥೆಯನ್ನು ಕಥೆ ಎಂದೇ ಬರೆಯಿರಿ. ಹೆಸರು ಡರ್ಬಿಗೆ ಹೋಯಿತು, ಓಟ ಗೆದ್ದದ್ದು ಬನ್‌ಬರಿಯ ಕುದುರೆ ಡಯೊಮೆಡ್. ಹೆಸರು ಕೊಟ್ಟಿದ್ದ 36 ಕುದುರೆಗಳಲ್ಲಿ ಕಣಕ್ಕಿಳಿದದ್ದು 9. ಹೊರಬೇಕಾದ ಭಾರ ಗಂಡಿಗೆ 8 ಸ್ಟೋನ್, ಹೆಣ್ಣಿಗೆ 3 ಪೌಂಡ್ ರಿಯಾಯಿತಿ. ಇಂದಿನ ಡರ್ಬಿಯಲ್ಲೂ ರಿಯಾಯಿತಿ 3 ಪೌಂಡೇ. ಬೀಜ ಒಡೆಸಿದ ಕುದುರೆಗೆ ಇಲ್ಲಿ ಪ್ರವೇಶವಿಲ್ಲ, ಏಕೆಂದರೆ ಇದು ಮುಂದಿನ ತಳಿಗೆ ತಂದೆ ತಾಯಿ ಆರಿಸುವ ಪರೀಕ್ಷೆ.

ವಂಶದ ಲೆಕ್ಕ ನಮಗೆ ಕಷ್ಟವಾಗಬಾರದು. ಕೊಡವರ ಒಕ್ಕದ, ಅಂದರೆ ಮನೆತನದ, ಹೆಸರು ತಂದೆಯ ಕಡೆಯಿಂದ ಇಳಿದು ಬರುವಂತೆ ಥರೋಬ್ರೆಡ್ ಎಂಬ ರೇಸ್ ಕುದುರೆ ತಳಿಯ ಗಂಡು ಸಾಲನ್ನೂ ಮೂರೇ ಮೂಲಪುರುಷರಿಗೆ ಒಯ್ದು ಮುಟ್ಟಿಸುತ್ತಾರೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಡಯೊಮೆಡ್ ಬೈಯರ್ಲಿಯ ಸಾಲಿನವ. ಇಂದಿನ ಥರೋಬ್ರೆಡ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು, 1764ರಲ್ಲಿ ಹುಟ್ಟಿದ ಎಕ್ಲಿಪ್ಸ್‌ನ ಮೂಲಕ, ಡಾರ್ಲಿಯ ಸಾಲಿನವು. ಡಯೊಮೆಡ್‌ನನ್ನು 1798ರಲ್ಲಿ, 21ನೇ ವಯಸ್ಸಿನಲ್ಲಿ, ಅಗ್ಗಕ್ಕೆ ಅಮೆರಿಕಕ್ಕೆ ಮಾರಿದರು. ಮುದಿ ಕುದುರೆ ಎಂದು ಕೈಬಿಟ್ಟವರಿಗೆ ಪೆಟ್ಟು: ಅಲ್ಲಿ ಅವನ ಮಗ ಸರ್ ಆರ್ಚಿ ದೊಡ್ಡ ವಂಶವನ್ನೇ ಕಟ್ಟಿದ.

ವಯಸ್ಸೇ ಬಂಡವಾಳ ಆದ ಕಡೆ ಮೋಸವೂ ವಯಸ್ಸಿನದೇ. 1844ರ ಡರ್ಬಿಯಲ್ಲಿ ಮೊದಲು ಬಂದ 'ರನ್ನಿಂಗ್ ರೇನ್' ನಿಜಕ್ಕೂ ಮಕಾಬಿಯಸ್ ಎಂಬ ನಾಲ್ಕು ವರ್ಷದ ಕುದುರೆ. ನ್ಯಾಯಾಲಯ ಕುದುರೆಯನ್ನು ತನ್ನಿ ಎಂದಾಗ ಕುದುರೆಯೇ ಮಾಯ! ಗೆಲುವು ಎರಡನೆಯದಾಗಿದ್ದ ಒರ್ಲ್ಯಾಂಡೊಗೆ ಹೋಯಿತು. ಬಾಯಿ ಬಿಡಿಸಿದ್ದರೆ ಗುಟ್ಟು ಹೊರಬೀಳುತ್ತಿತ್ತು. ಕೆಳದವಡೆಯ ಆರು ಬಾಚಿಹಲ್ಲು ನೋಡಿ: ಮೂರು ವರ್ಷಕ್ಕೆ ನಡುವಿನ ಎರಡು ಶಾಶ್ವತ ಹಲ್ಲು, ನಾಲ್ಕಕ್ಕೆ ನಾಲ್ಕು, ಐದಕ್ಕೆ ಆರೂ. ಹಾಲುಹಲ್ಲು ಚಿಕ್ಕದು, ಬೆಳ್ಳಗಿದ್ದು ಬುಡದಲ್ಲಿ ಸಣ್ಣಗಾಗಿರುತ್ತದೆ. ಶಾಶ್ವತ ಹಲ್ಲು ಅಗಲ, ತುಸು ಹಳದಿ. ಎತ್ತಿನ ಜಾತ್ರೆಯ 'ಎರಡು ಹಲ್ಲು, ನಾಲ್ಕು ಹಲ್ಲು' ಲೆಕ್ಕದ ಹಾಗೇ, ವಯಸ್ಸು ಮಾತ್ರ ಬೇರೆ. ಇನ್ನೊಂದು: ಉತ್ತರಾರ್ಧಗೋಳದಲ್ಲಿ ಎಲ್ಲ ಥರೋಬ್ರೆಡ್‌ಗಳಿಗೂ ಹುಟ್ಟುಹಬ್ಬ ಜನವರಿ 1. ಡಿಸೆಂಬರ್ ಕೊನೆಗೆ ಹುಟ್ಟಿದ ಮರಿಗೆ ಕೆಲವೇ ದಿನಕ್ಕೆ ಒಂದು ವರ್ಷ ತುಂಬಿತು ಎಂದೇ ಲೆಕ್ಕ. ಗರ್ಭ 11 ತಿಂಗಳು, ಆದ್ದರಿಂದ ಹೆಣ್ಣನ್ನು ಫೆಬ್ರವರಿಗಿಂತ ಮುಂಚೆ ಕೂಡಿಸುವುದಿಲ್ಲ.

ಇನ್ನು ಎಪ್ಸಮ್‌ನ ಓಟದ ಹಾದಿ. ಒಟ್ಟು ಸುಮಾರು 2,420 ಮೀಟರ್. ಮೊದಲರ್ಧ ಸುಮಾರು 40 ಮೀಟರ್ ಏರು, ಆಮೇಲೆ ಇಳಿಯುತ್ತಲೇ ಎಡಕ್ಕೆ ತಿರುಗುವ ಟ್ಯಾಟನಮ್ ಕಾರ್ನರ್. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯ ತಿರುವು ನೆನೆಸಿಕೊಳ್ಳಿ. ಇಳಿಜಾರಿನಲ್ಲಿ ವೇಗ ತಾನಾಗಿ ಏರುತ್ತದೆ, ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಕೊನೆಯ ನೇರ ಹಾದಿಯೂ ಒಳಬೇಲಿಯ ಕಡೆಗೆ ವಾಲಿದೆ. ದಣಿದ ಕುದುರೆ ಆ ಕಡೆಗೇ ಜಾರಿ ಪಕ್ಕದ್ದಕ್ಕೆ ತಾಗುತ್ತದೆ. ಏರಿನಲ್ಲೇ ಉಸಿರು ಖರ್ಚು ಮಾಡಿದ ಜಾಕಿಗೆ ಕೊನೆಯ ಸಣ್ಣ ಏರಿನಲ್ಲಿ ಏನೂ ಉಳಿದಿರುವುದಿಲ್ಲ.

ಇಲ್ಲಿ 2010ರಲ್ಲಿ ವರ್ಕ್‌ಫೋರ್ಸ್ ಎಂಬ ಕುದುರೆ ತೆಗೆದುಕೊಂಡದ್ದು 2 ನಿಮಿಷ 31.33 ಸೆಕೆಂಡ್. 1943ರಲ್ಲಿ ಶುರುವಾದ, ಮುಂಬೈ ಮಹಾಲಕ್ಷ್ಮಿಯ ಇಂಡಿಯನ್ ಡರ್ಬಿಯ ಸಮಯವನ್ನು ಇದರ ಪಕ್ಕ ಇಟ್ಟು ಹೋಲಿಸಬೇಡಿ: ಅದು 2,400 ಮೀಟರ್, ಅದೂ ಇಂಥ ಏರಿಳಿತವಿಲ್ಲದ ನೆಲ.